ಕಾಡಿಗೆ ಕಾಣದ ಕಣ್ಣು, ಕಾಡಶೆಟ್ಟಿಹಳ್ಳಿಯ ಕಿವಿ

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಚರಂತಿಮಠದ ಗುರುಪಾದಯ್ಯ, ನೀಲಮ್ಮ ದಂಪತಿಗೆ 1892ರಲ್ಲಿ ಒಂದು ಗಂಡುಕೂಸು ಹುಟ್ಟಿತು. ಗದಿಗೆಯ್ಯ ಎಂದು ಹೆಸರಿಟ್ಟರು. ಅಣ್ಣ ಗುರುಬಸಯ್ಯನಿಗೆ ಕಣ್ಣಿರಲಿಲ್ಲ, ಈ ಕೂಸಿಗೂ ಬರಲಿಲ್ಲ. ಜಂಗಮರ ಮನೆ, ಕಂತಿಭಿಕ್ಷೆಯ ಜೋಳಿಗೆ ಗೂಟಕ್ಕೆ ತೂಗುವ ಬದುಕು. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳೆಂದರೆ ಆ ಕಾಲದ ಹಳ್ಳಿ ಏನು ಅಂದುಕೊಳ್ಳುತ್ತಿತ್ತೋ ಊಹಿಸುವುದು ಕಷ್ಟವಲ್ಲ. ಹಿಂದಿನ ಜನ್ಮದ ಕರ್ಮ ಎಂದೊಬ್ಬರು, ಶಿವನಿಚ್ಛೆ ಎಂದಿನ್ನೊಬ್ಬರು. ಮುಂದಿನ ದಾರಿಯ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು: ಜಾತ್ರೆಯ ಬಾಗಿಲಲ್ಲೋ ಗುಡಿಯ ಕಟ್ಟೆಯ ಮೇಲೋ ಕೈಯೊಡ್ಡಿ ಕೂರುವುದು.

ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಸೀಮೆಗೆ ಸೇರಿದ್ದವು. ನಡುವಿನ ಸವಣೂರಿನಲ್ಲಿ ನವಾಬರ ಮನೆತನವಿನ್ನೂ ಆಳುತ್ತಿತ್ತು. ಪಶ್ಚಿಮಕ್ಕೆ ಸರಿದರೆ ಮಲೆನಾಡಿನ ಸೆರಗು, ಭತ್ತ, ಕೆರೆಗಳು; ಪೂರ್ವಕ್ಕೆ ಸರಿದರೆ ಎರೆಹೊಲ, ಜೋಳ, ಹತ್ತಿ. 1876ರಿಂದ 78ರವರೆಗಿನ ದೊಡ್ಡ ಬರವನ್ನು ಕಂಡುಂಡ ಮುದುಕರು ಊರೂರಲ್ಲಿದ್ದರು. ಗದಿಗೆಯ್ಯನಿಗೆ ಎಂಟು ತುಂಬುವಷ್ಟರಲ್ಲಿ ಮತ್ತೆರಡು ಬರ, ಜೊತೆಗೇ ಪ್ಲೇಗು.

ಬರಕ್ಕೂ ಕಣ್ಣಿಗೂ ನೇರ ನಂಟಿದೆ. ಸಂಜೆ ಕವಿದರೆ ಮಕ್ಕಳು ಬಾಗಿಲು ಕಾಣದೆ ಎಡವುವ ಇರುಳುಗಣ್ಣು ನಮ್ಮ ಹಳ್ಳಿಗಳಿಗೆ ಹಳೆಯ ಪರಿಚಯ. ಅದರ ಒಳಗುಟ್ಟು ಬಿಚ್ಚಿದ್ದು ಇಪ್ಪತ್ತನೆಯ ಶತಮಾನ. ಕಣ್ಣಿನ ಹಿಂಗೋಡೆಯಾದ ಅಕ್ಷಿಪಟಲದಲ್ಲಿ ಸುಮಾರು 12 ಕೋಟಿ ಕಡ್ಡಿಕೋಶಗಳೂ 60 ಲಕ್ಷದಷ್ಟು ಶಂಕುಕೋಶಗಳೂ ಇವೆ. ಮಂದ ಬೆಳಕಿಗೆ ಸ್ಪಂದಿಸುವ ಕಡ್ಡಿಕೋಶದೊಳಗಿನ ಬಣ್ಣದ್ರವ್ಯ ‘ಎ’ ಜೀವಸತ್ವದಿಂದ ಆಗುವಂಥದು. ಬೆಳಕಿನ ಕಣವೊಂದು ತಾಗಿದರೆ ಆ ಅಣು ತನ್ನ ಬಾಗು ಬಿಟ್ಟು ನೆಟ್ಟಗಾಗುತ್ತದೆ. ಕಾಣುವ ಕ್ರಿಯೆ ಶುರುವಾಗುವುದು ಆ ಸಣ್ಣ ಹೊರಳಿನಿಂದ. ಇದನ್ನು ಬಿಡಿಸಿಟ್ಟ ಜಾರ್ಜ್ ವಾಲ್ಡ್‌ರಿಗೆ 1967ರಲ್ಲಿ ನೊಬೆಲ್ ಬಂತು. ಹಾಲು, ಬೆಣ್ಣೆ, ಸೊಪ್ಪು ಸಿಗದ ವರ್ಷಗಳಲ್ಲಿ ಮೊದಲು ಇರುಳಿನ ನೋಟ ಹೋಗುತ್ತದೆ, ಮುಂದೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪರೆಯೇ ಒಣಗಿ ಕರಗುತ್ತದೆ. ಸಿಡುಬು ತನ್ನ ಪಾಲನ್ನು ಬೇರೆ ಒಯ್ಯುತ್ತಿತ್ತು. ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರದು ಹುಟ್ಟುಗುರುಡು, ಬರ ತಂದದ್ದಲ್ಲ. ಆದರೆ ಅವರಲ್ಲಿ ತಮ್ಮ ಮುಂದೆ ಕಟ್ಟಿದ ಮನೆಗೆ ಬಂದು ಸೇರಿದ ಮಕ್ಕಳಿಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ.

ಅಣ್ಣತಮ್ಮ ಹಾಡುತ್ತಿದ್ದರು. ಭಜನೆಯಲ್ಲಿ, ಪುರಾಣದಲ್ಲಿ ಕೇಳಿದ್ದು ಒಂದೇ ಕೇಳಿಗೆ ಬಾಯಿಗೆ ಬರುತ್ತಿತ್ತು ಎಂದು ತಮ್ಮ ಮುಂದೆ ಗದಗಿನಲ್ಲಿ ನೆಲೆಗೊಳಿಸಿದ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯವರು ಹೇಳುತ್ತಾರೆ. ಗುರುಗಳ ಚರಿತ್ರೆಯಲ್ಲಿ ಉತ್ಪ್ರೇಕ್ಷೆ ಸಹಜವೇ. ಅದನ್ನು ಕಳೆದರೂ ಒಂದು ಸಂಗತಿ ಉಳಿಯುತ್ತದೆ: ಈ ಹಾಡು ಹಾನಗಲ್ಲಿನ ವಿರಕ್ತಮಠದ ಸ್ವಾಮಿಗಳ ಕಿವಿಗೆ ಬಿತ್ತು, ಮತ್ತು ಅವರು ಅದನ್ನು ಕೇಳಿ ಸುಮ್ಮನೆ ಮುಂದೆ ಹೋಗಲಿಲ್ಲ.

ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಹಾಲಯ್ಯನೇ ಮುಂದೆ ಹಾನಗಲ್ಲ ಕುಮಾರಸ್ವಾಮಿಗಳಾದರು. 1904ರಲ್ಲಿ ವೀರಶೈವ ಮಹಾಸಭೆ, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ, ಊರೂರಲ್ಲಿ ಪಾಠಶಾಲೆ — ಕೂತಲ್ಲಿ ಕೂರದ ಮನುಷ್ಯ. ಇಂಥ ಸಂಘಟಕರಿಗೆ ಇಬ್ಬರು ಬಡ ಹುಡುಗರು ಮಾಮೂಲು ಅನ್ನದಾನದ ಲೆಕ್ಕಕ್ಕೆ ಸೇರಿಹೋಗಬಹುದಿತ್ತು. ಮಠದಲ್ಲಿ ಎರಡು ಹೊತ್ತಿನ ಊಟ, ಮೂಲೆಯಲ್ಲೊಂದು ಚಾಪೆ ಕೊಟ್ಟಿದ್ದರೂ ಊರು ಕೊಂಡಾಡುತ್ತಿತ್ತು. ಅವರು ಕೊಡಿಸಿದ್ದು ವಿದ್ಯೆ, ಅದೂ ದುಬಾರಿ ವಿದ್ಯೆ. ಇಬ್ಬರನ್ನೂ ಸಂಗೀತ ಕಲಿಯಲು ಹಚ್ಚಿದರು. ಅಣ್ಣ ಬಹುಕಾಲ ಬಾಳಲಿಲ್ಲ. ಉಳಿದ ತಮ್ಮ ಪಂಚಾಕ್ಷರಿಯಾದ.

ಕುಮಾರಸ್ವಾಮಿಗಳ ಈ ನಿರ್ಧಾರದ ಹಿಂದೆ ಅವರ ಪರಂಪರೆಯ ಇಂದ್ರಿಯವಿಚಾರವೂ ಇದ್ದೀತು ಎಂದು ನನ್ನ ಅನಿಸಿಕೆ. ವೀರಶೈವರ ಷಟ್‌ಸ್ಥಲದಲ್ಲಿ ಒಂದೊಂದು ಇಂದ್ರಿಯಕ್ಕೆ ಒಂದೊಂದು ಲಿಂಗ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಹೊರಗಿನಿಂದ ಬಂದದ್ದು ಇಂದ್ರಿಯದಲ್ಲೇ ನಿಂತುಬಿಡುವುದಿಲ್ಲ, ಒಳಗೊಬ್ಬ ಅದನ್ನು ಸ್ವೀಕರಿಸಬೇಕು. ಈ ಪಟ್ಟಿಯಲ್ಲಿ ಕಿವಿ ಕಣ್ಣಿಗಿಂತ ಎರಡು ಮೆಟ್ಟಿಲು ಮೇಲಿದೆ. ಶಿವಯೋಗದ ಸಾಧನೆಯಲ್ಲಿ ಅಂಗೈಯ ಇಷ್ಟಲಿಂಗವನ್ನು ಎವೆಯಿಕ್ಕದೆ ನೋಡಬೇಕು ನಿಜ. ಕಣ್ಣಿಲ್ಲದ ಸಾಧಕನಿಗೂ ಅಂಗೈಯಲ್ಲಿ ಅದರ ನುಣುಪು, ತಂಪು, ಭಾರ ಇದ್ದೇ ಇರುತ್ತವೆ.

ಕನ್ನಡ ನೆಲದಲ್ಲಿ ಈ ಇಂದ್ರಿಯವಿಚಾರಕ್ಕೆ ಇನ್ನೂ ಹಳೆಯ ಬೇರಿದೆ. ಕಣ್ಣು ವಸ್ತುವನ್ನು ಮುಟ್ಟಿ ತಿಳಿಯುತ್ತದೋ ಮುಟ್ಟದೆ ತಿಳಿಯುತ್ತದೋ ಎಂದು ನೈಯಾಯಿಕರೂ ಜೈನರೂ ಶತಮಾನಗಟ್ಟಲೆ ಜಗಳವಾಡಿದರು. ಕಣ್ಣು ತೇಜಸ್ಸಿನಿಂದಾದದ್ದು, ಅದರ ಕಿರಣ ಹೊರಗೆ ಹರಿದು ವಸ್ತುವನ್ನು ಮುಟ್ಟುತ್ತದೆ ಎಂದು ನೈಯಾಯಿಕರು. ಹಾಗಿದ್ದರೆ ಕಣ್ಣಿಗೆ ಅಂಟಿಕೊಂಡೇ ಇರುವ ಕಾಡಿಗೆ ಮೊದಲು ಕಾಣಬೇಕಿತ್ತಲ್ಲ ಎಂದು ಜೈನರು. ಗಂಗರ ನಾಡಿನವರಾದ ಪೂಜ್ಯಪಾದರು ತತ್ತ್ವಾರ್ಥಸೂತ್ರದ ಟೀಕೆ ಸರ್ವಾರ್ಥಸಿದ್ಧಿಯಲ್ಲಿ ಹೂಡಿದ ವಾದವಿದು. ಈ ಕಾಡಿಗೆಯ ಮಾತು ನನಗೆ ಬಹಳ ಇಷ್ಟ. ಅಡುಗೆಮನೆಯ ಹಣತೆ ಮಸಿಯಿಂದ ದೊಡ್ಡ ಸಿದ್ಧಾಂತವೊಂದನ್ನು ಕೆಡವುವ ಚುರುಕು ಅದರಲ್ಲಿದೆ. ಬೆಳಕು ಹೊರಗಿನಿಂದ ಕಣ್ಣೊಳಗೆ ಬರುತ್ತದೆ ಎಂದು ಬಸ್ರಾದ ಇಬ್ನ್ ಅಲ್ ಹೈಥಮ್ ಹನ್ನೊಂದನೆಯ ಶತಮಾನದಲ್ಲಿ ತೋರಿಸಿದ. ಅಕ್ಷಿಪಟಲದ ಮೇಲೆ ಬೀಳುವ ಬಿಂಬ ತಲೆಕೆಳಗು ಎಂದು 1604ರಲ್ಲಿ ಕೆಪ್ಲರ್ ಹೇಳಿದ. 1660ರ ದಶಕದಲ್ಲಿ ಫ್ರಾನ್ಸಿನ ಮಾರಿಯೋಟ್ ಕಂಡದ್ದು ಕಾಡಿಗೆಗಿಂತ ವಿಚಿತ್ರ: ನರದ ಹುರಿ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬಿದ್ದ ಬೆಳಕು ಕಾಣುವುದೇ ಇಲ್ಲ. ಪ್ರತಿಯೊಬ್ಬರ ನೋಟದಲ್ಲೂ ಒಂದು ತೂತಿದೆ, ಯಾರಿಗೂ ಅದು ಕಾಣದು. ಸುತ್ತಲಿನ ಬಣ್ಣ ನೋಡಿಕೊಂಡು ಮಿದುಳು ಅದಕ್ಕೆ ತೇಪೆ ಹಾಕುತ್ತದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿಗೆ ಹೋದವರಿಗೆ ಈ ತೇಪೆಯ ಅನುಭವವಾಗಿರುತ್ತದೆ. ದೂರದಿಂದ ರೈತ, ಎತ್ತು, ನೀರು ತರುವ ಹೆಂಗಸು. ಹತ್ತಿರ ಹೋದರೆ ಸಿಮೆಂಟು. ಅಲ್ಲಿ ಕಣ್ಣು ಸುಳ್ಳು ಹೇಳಲಿಲ್ಲ. ಬಂದ ಬೆಳಕು ಬಂದಹಾಗೇ ಇತ್ತು, ಅರ್ಥ ಹಚ್ಚಿದ್ದು ನಾವು.

ಸಂಗೀತ ಕಲಿಯಲು ಕೂತ ತಮ್ಮನ ಕಥೆಗೆ ಮರಳೋಣ. ಪಂಚಾಕ್ಷರಿಗೆ ಕರ್ನಾಟಕಿ, ಹಿಂದೂಸ್ತಾನಿ ಎರಡೂ ಪದ್ಧತಿಯ ಪಾಠವಾಯಿತು. ಉಭಯಗಾನ ವಿಶಾರದ ಎಂಬ ಬಿರುದು ಆಮೇಲೆ ಬಂದದ್ದು ಅದರಿಂದಲೇ. ಹಿಂದೂಸ್ತಾನಿಗೆ ಸಿಕ್ಕ ಗುರು ಮಿರಜಿನ ನೀಲಕಂಠಬುವಾ. ಮಲ್ಲಿಕಾರ್ಜುನ ಮನಸೂರರಿಗೂ ಇವರೇ ಕಲಿಸಿದವರು. ಮಿರಜಿನಿಂದ ಹುಬ್ಬಳ್ಳಿ, ಗದಗುಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ರೈಲು ಹಾಕಿದ್ದರಿಂದ ಉಸ್ತಾದರು, ಬುವಾಗಳು, ಮರಾಠಿ ನಾಟಕ ಮಂಡಳಿಗಳು ಇತ್ತ ಓಡಾಡುತ್ತಿದ್ದ ಕಾಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಆಗಲೇ ಹೆಸರು ಮಾಡಿದ್ದರು. ಮುಂದೆ ಪಂಚಾಕ್ಷರಿ ಗವಾಯಿಗಳು ಉಸ್ತಾದ್ ವಹೀದ್ ಖಾನರನ್ನು ಗದಗಿಗೆ ಬರಮಾಡಿಕೊಂಡು ಅವರಿಂದಲೂ ಕಲಿತರೆಂಬುದು ಪರಂಪರೆಯ ಮಾತು. ಕಿರಾಣಾ ಘರಾನೆಯ ಅಬ್ದುಲ್ ವಹೀದ್ ಖಾನರಿಗೆ ಕಿವಿ ಮಂದ. ಉತ್ತರದಲ್ಲಿ ಅವರನ್ನು ‘ಬಹರೇ ವಹೀದ್ ಖಾನ್’ ಎಂದೇ ಕರೆಯುತ್ತಿದ್ದರು. ಒಂದು ಸ್ವರದ ಸುತ್ತ ಗಂಟೆಗಟ್ಟಲೆ ಸುಳಿಯುವ ವಿಲಂಬಿತದ ಬಡತ್ ಅವರ ಕೊಡುಗೆ. ಕಿವಿ ಸರಿಯಿಲ್ಲದ ಗುರುವಿನ ಮುಂದೆ ಕಣ್ಣಿಲ್ಲದ ಶಿಷ್ಯ ಕೂತ ಆ ಚಿತ್ರ ಮನಸ್ಸಿನಿಂದ ಬೇಗ ಅಳಿಯುವಂಥದಲ್ಲ.

ಗವಾಯಿ ಆಗಲು ಹೊರಟ ಹುಡುಗನಿಗೆ ಮೊದಲು ಬೇಕಾದದ್ದು ತಂಬೂರಿಯ ನೆರೆ. ನಾಲ್ಕು ತಂತಿ: ಒಂದು ಪಂಚಮ, ಎರಡು ಷಡ್ಜ, ಕೊನೆಯದು ಖರಜ, ಅಂದರೆ ಮಂದ್ರ ಷಡ್ಜ. ಘೋಡಿಯ ಮೇಲೆ ನೂಲಿಟ್ಟು ಜವಾರಿ ತೆರೆಸಿ, ಶ್ರುತಿ ಕೂಡಿಸಿ ಮೀಟುತ್ತ ಕೂತರೆ ಸ್ವಲ್ಪ ಹೊತ್ತಿಗೆ ಯಾವ ತಂತಿಗೂ ಕೂಡಿಸದ ಗಾಂಧಾರ ಕೇಳತೊಡಗುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಭ್ರಮೆಯಲ್ಲ. ಖರಜದ ತಂತಿ ತಾನೊಂದೇ ವೇಗದಲ್ಲಿ ಅದುರುವುದಿಲ್ಲ. ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದಲ್ಲೂ ಅದುರುತ್ತಿರುತ್ತದೆ. ಐದರಷ್ಟಾಗುವ ಆ ಕಂಪನವೇ ಗಾಂಧಾರ. ಅದು ಎಲ್ಲರ ಕಿವಿಗೂ ಬಡಿಯುತ್ತದೆ, ಎಲ್ಲರಿಗೂ ಕೇಳುವುದಿಲ್ಲ.

ಕಿವಿಯೊಳಗೆ ನಡೆಯುವುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಗಾಳಿಯ ಅಲೆ ತಮಟೆಯ ತೊಗಲಿನಂಥ ಪೊರೆಗೆ ಬಡಿದು, ಮೂರು ಪುಟ್ಟ ಎಲುಬುಗಳನ್ನು ದಾಟಿ, ಬಸವನಹುಳದ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿಯಾದ ಕೊಳವೆಯ ನೀರನ್ನು ಅಲುಗಿಸುತ್ತದೆ. ಅಲ್ಲಿ ಹದಿನೈದು ಸಾವಿರದ ಸುಮಾರು ಕೂದಲುಕೋಶಗಳು ಸಾಲಾಗಿ ನಿಂತಿವೆ. ತಾರಸ್ಥಾಯಿ ಬಾಗಿಲ ಹತ್ತಿರದವನ್ನು ಬಾಗಿಸುತ್ತದೆ, ಮಂದ್ರಸ್ವರ ಸುರುಳಿಯ ತುದಿಯವರೆಗೆ ಹೋಗುತ್ತದೆ. ಈ ಅಲೆಯ ನಡಿಗೆಯನ್ನು ತೋರಿಸಿಕೊಟ್ಟ ಬೇಕೇಶಿಗೆ 1961ರಲ್ಲಿ ನೊಬೆಲ್ ಸಿಕ್ಕಿತು. ಕೂದಲು ಬಾಗಿದರೆ ಮಿಂಚಿನ ಸಣ್ಣ ಸೆಲೆ ನರಕ್ಕೆ ಹರಿಯುತ್ತದೆ. ಅಲ್ಲಿಂದ ಮುಂದೆ ಸದ್ದೂ ಇಲ್ಲ, ಬೆಳಕೂ ಇಲ್ಲ. ಕಣ್ಣಿನಿಂದ ಬಂದದ್ದಕ್ಕೂ ಕಿವಿಯಿಂದ ಬಂದದ್ದಕ್ಕೂ ಒಂದೇ ಬಗೆಯ ವಿದ್ಯುತ್ ತುಡಿತ. ಯಾವ ನರದಲ್ಲಿ ಬಂತು ಎಂಬುದರ ಮೇಲೆ ಇದು ನೋಟ, ಇದು ನಾದ ಎಂಬ ಭೇದ ಹುಟ್ಟುತ್ತದೆ ಎಂದು ಜರ್ಮನಿಯ ಯೊಹಾನೆಸ್ ಮುಲ್ಲರ್ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ಹೇಳಿದ್ದ. ಒಟ್ಟಾಗಿ ಬಂದ ತಂಬೂರಿಯ ದನಿಯನ್ನು ಒಂದು ಮೊತ್ತವಾಗಿ ಕೇಳುವುದೋ, ಐದನೆಯದನ್ನು ಬೇರೆ ಎತ್ತಿ ಕೇಳುವುದೋ, ಅದನ್ನು ತೀರ್ಮಾನಿಸುವುದು ರಿಯಾಜು.

ಕುಮಾರಸ್ವಾಮಿಗಳ ಪ್ರೇರಣೆಯಿಂದ ಪಂಚಾಕ್ಷರಿ ಗವಾಯಿಗಳು ಕಲಿಸಲು ಹೊರಟರು. ವೀರೇಶ್ವರ ಪುಣ್ಯಾಶ್ರಮದ ಹುಟ್ಟನ್ನು 1914ಕ್ಕೆ ಹೇಳುವವರಿದ್ದಾರೆ, ಗದಗಿನಲ್ಲಿ ನೆಲೆ ನಿಂತ 1940ರ ದಶಕದ ಮೊದಲ ವರ್ಷಗಳಿಗೆ ಹೇಳುವವರೂ ಇದ್ದಾರೆ. ಎರಡೂ ಸರಿಯೇ. ಮೊದಲಿನದು ಗೋಡೆಯಿಲ್ಲದ ಶಾಲೆ; ಗುರು ಹೋದಲ್ಲಿ ಶಾಲೆ ಹೋಗುತ್ತಿತ್ತು. ಎತ್ತಿನ ಗಾಡಿಯ ಮೇಲೆ ತಂಬೂರಿ, ಪೇಟಿ, ತಬಲಾ ಡಗ್ಗಾ, ಹಿಟ್ಟಿನ ಚೀಲ. ಹಿಂದೆ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಡೆಯುವ ಹುಡುಗರು. ಊರಿನವರು ಕೊಟ್ಟ ಜೋಳ, ಬೇಳೆ ತೀರಿದರೆ ಮುಂದಿನ ಊರು. ಅಂಧರು ಮಾತ್ರವಲ್ಲ, ತಂದೆತಾಯಿಯಿಲ್ಲದವರು, ಬರಿಯ ಬಡವರು ಕೂಡ ಅಲ್ಲಿದ್ದರು. ಕಣ್ಣಿದ್ದವನು ಇಲ್ಲದವನಿಗೆ ದಾರಿ ತೋರಿಸಿದರೆ, ಇಲ್ಲದವನು ಇದ್ದವನಿಗೆ ಸ್ವರ ತಿದ್ದುತ್ತಿದ್ದ.

ಹೀಗೆ ಬಂದು ಸೇರಿದವರಲ್ಲಿ ಒಬ್ಬ ಹಾವೇರಿ ಕಡೆಯ ಪುಟ್ಟಯ್ಯ. 1914ರ ಮಾರ್ಚಿನಲ್ಲಿ ರೇವಯ್ಯ, ಸಿದ್ಧಮ್ಮ ದಂಪತಿಗೆ ಹುಟ್ಟಿದವನು. ಎಳೆಗೂಸಾಗಿದ್ದಾಗಲೇ ಕಣ್ಣು ಹೋಯಿತು, ತಂದೆತಾಯಿಯೂ ಬೇಗ ಹೋದರು. ಸಾಕಿದ್ದು ಸೋದರಮಾವ ಚಂದ್ರಶೇಖರಯ್ಯ. ಮಾವನ ಪೇಟಿಯ ಮೇಲೆ ಬೆರಳಾಡಿಸಿ ತಾನೇ ಸ್ವರ ಹುಡುಕಿಕೊಂಡ ಹುಡುಗನನ್ನು ಮಾವ ಗವಾಯಿಗಳ ಮಡಿಲಿಗೆ ಹಾಕಿದ. ಪೇಟಿಯ ಬಿಳಿಮನೆ ಕರಿಮನೆಗಳು ಕಣ್ಣಿದ್ದವರಿಗೆ ಬಣ್ಣ. ಬೆರಳಿಗೆ ಅವು ತಗ್ಗು ದಿಬ್ಬ. ಎರಡು ದಿಬ್ಬ, ಒಂದು ಬಯಲು, ಮೂರು ದಿಬ್ಬ: ಸಪ್ತಕದ ನಕ್ಷೆ ಅಷ್ಟೇ. ಪುಟ್ಟಯ್ಯನೇ ಪುಟ್ಟರಾಜ ಗವಾಯಿ.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಆಸರೆ ತಪ್ಪಿದ ಮೇಲೆ ಇಷ್ಟು ಮಕ್ಕಳ ಹೊಟ್ಟೆ ತುಂಬಿಸಲು ಗವಾಯಿಗಳು ಕಂಡುಕೊಂಡ ದಾರಿ ನಾಟಕ ಕಂಪನಿ. ಇದು ನನಗೆ ಇಡೀ ಕಥೆಯ ಅತಿ ಧೈರ್ಯದ ತಿರುವು ಅನಿಸುತ್ತದೆ. ಕಂಪನಿ ನಾಟಕವೆಂದರೆ ಪರದೆ, ಬಣ್ಣ, ಜರಿ, ಗ್ಯಾಸ್‌ಬತ್ತಿಯ ಬೆಳಕು. ಪೂರ್ತಿ ಕಣ್ಣಿನ ವ್ಯಾಪಾರ. ಅದನ್ನು ಕಣ್ಣಿಲ್ಲದ ಗುರು, ಕಣ್ಣಿಲ್ಲದ ಶಿಷ್ಯ ನಡೆಸಿದರು. ನಾಟಕ ಬರೆದದ್ದು ಪುಟ್ಟರಾಜರು. ಅವರು ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಆದರೆ ಆ ಕಾಲದ ಪ್ರೇಕ್ಷಕ ಹಾಡಿಗಾಗಿ ಬರುತ್ತಿದ್ದ, ಒಂದೇ ಪದಕ್ಕೆ ನಾಲ್ಕು ಸಲ ‘ಒನ್ಸ್ ಮೋರ್’ ಕೂಗುತ್ತಿದ್ದ. ಗವಾಯಿಗಳ ಲೆಕ್ಕಾಚಾರ ಅವನ ಕಿವಿಯ ಮೇಲಿತ್ತು. ಕಂಪನಿ ದುಡಿದದ್ದು ಪಾಠಶಾಲೆಯ ಒಲೆಗೆ.

1936ರಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆಯಿತು. ಅಲ್ಲಿ ಕುಂದಗೋಳ ಕಡೆಯ ಯಲಿವಾಳದ ಹುಡುಗನೊಬ್ಬ ಹಾಡಲು ಕೂತ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು. ತಬಲಾ ಹಿಡಿದವರು ಸ್ವತಃ ಗುರುಗಳು. ಶಿಷ್ಯನ ಮೊದಲ ಕಛೇರಿಗೆ ಗುರು ಸಾಥಿಗೆ ಕೂರುವುದು ಆ ಕಾಲದ ಮರ್ಯಾದೆಯ ಲೆಕ್ಕದಲ್ಲಿ ಸಣ್ಣ ಸಂಗತಿಯಲ್ಲ. ಮುಂದೆ ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮುಂತಾಗಿ ಶಿಷ್ಯರ ಸಾಲೇ ಬೆಳೆಯಿತು. ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಆಸರೆ ಕೊಟ್ಟ ಮೇಲೆ ಸಂಚಾರಿ ಶಾಲೆಗೆ ನೆಲೆ ಸಿಕ್ಕಿತು. 1944ರ ಜೂನ್‌ನಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಹೊಣೆ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಂತು.

ಅದೇ 1944ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಒಂದು ಸಂಶೋಧನೆ ಪ್ರಕಟವಾಯಿತು. ಗೋಡೆಗೆ ಡಿಕ್ಕಿ ಹೊಡೆಯುವ ಮೊದಲೇ ಅಂಧರು ಹೇಗೆ ನಿಲ್ಲುತ್ತಾರೆ? ಮುಖದ ಚರ್ಮಕ್ಕೆ ಏನೋ ತಾಗಿದಂತಾಗುತ್ತದೆ ಎಂದು ಅಂಧರೇ ಹೇಳುತ್ತಿದ್ದರು. ಅದಕ್ಕೆ ‘ಮುಖದ ನೋಟ’ ಎಂಬ ಹೆಸರೂ ಇತ್ತು. ಕಾರ್ನೆಲ್ಲಿನವರು ಮುಖ ಕೈಗಳಿಗೆ ದಪ್ಪ ಹೊದಿಕೆ ಹಾಕಿ ನಡೆಸಿ ನೋಡಿದರು: ಗೋಡೆ ತಿಳಿಯಿತು. ಕಿವಿ ಮುಚ್ಚಿ ನಡೆಸಿದರು: ನೇರ ಹೋಗಿ ಬಡಿದುಕೊಂಡರು. ತಮ್ಮದೇ ಹೆಜ್ಜೆಯ ಸದ್ದು ಗೋಡೆಗೆ ತಾಗಿ ಮರಳುವುದನ್ನು ಅವರು ಕೇಳುತ್ತಿದ್ದರು, ಕೇಳುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ಸಂಶೋಧಕರಲ್ಲೊಬ್ಬರಾದ ಮೈಕೆಲ್ ಸೂಪಾ ಸ್ವತಃ ಅಂಧರು. ಕಿವಿಯಿಂದ ಬಂದದ್ದು ಅನುಭವಕ್ಕೆ ಬರುವಾಗ ಚರ್ಮದ ವೇಷ ಹಾಕಿಕೊಂಡಿತ್ತು.

ಯುರೋಪಿನಲ್ಲಿ ಕುರುಡುತನದ ಪ್ರಶ್ನೆ ತತ್ತ್ವಜ್ಞಾನದ ಒಗಟಾಗಿಯೇ ಬಹುಕಾಲ ಉಳಿದಿತ್ತು. ಹುಟ್ಟುಗುರುಡನೊಬ್ಬ ಮುಟ್ಟಿ ಗುಂಡು ಯಾವುದು, ಚೌಕದ ಗಟ್ಟಿ ಯಾವುದು ಎಂದು ಬಲ್ಲ. ಅವನಿಗೆ ದೃಷ್ಟಿ ಬಂದರೆ ಬರಿ ನೋಡಿ ಅವನ್ನು ಗುರುತಿಸಬಲ್ಲನೇ ಎಂದು ಐರ್ಲೆಂಡಿನ ವಿಲಿಯಂ ಮಾಲಿನೋ 1688ರಲ್ಲಿ ಜಾನ್ ಲಾಕ್‌ಗೆ ಬರೆದು ಕೇಳಿದ. ಆತನ ಹೆಂಡತಿ ಕುರುಡಿಯಾಗಿದ್ದಳು. ಒಗಟಿನ ಬೇರು ಮನೆಯೊಳಗೇ ಇತ್ತು. ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 2011ರಲ್ಲಿ, ನಮ್ಮ ದೇಶದ ಮಕ್ಕಳಿಂದ. ಎಂಐಟಿಯ ಪವನ್ ಸಿನ್ಹಾ ನಡೆಸುವ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಕಣ್ಣಿಲ್ಲದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿತು. 8ರಿಂದ 17 ವರ್ಷದ ಐವರು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಈಗಷ್ಟೇ ಮುಟ್ಟಿದ ವಸ್ತುವನ್ನು ನೋಡಿ ಆರಿಸು ಎಂದರೆ ಅವರ ಉತ್ತರ ಊಹೆಗಿಂತ ಹೆಚ್ಚೇನೂ ಇರಲಿಲ್ಲ. ಬೆಳಕು ಒಳಬಂದಿತ್ತು, ನೋಟ ಬಂದಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ, ಯಾರೂ ಪಾಠ ಹೇಳದೆ, ಕೈಯೂ ಕಣ್ಣೂ ಒಂದಕ್ಕೊಂದು ಒಗ್ಗಿಕೊಂಡವು.

ನೋಡುವ ಕೆಲಸ ಸಿಗದ ಮಿದುಳಿನ ಹಿಂಭಾಗ ಏನು ಮಾಡುತ್ತದೆ? ಹುಟ್ಟಿದ ಕೂಡಲೇ ಒಂದು ಕಣ್ಣು ಹೊಲಿದ ಬೆಕ್ಕಿನ ಮರಿಗಳಲ್ಲಿ, ಮುಂದೆ ಹೊಲಿಗೆ ಬಿಚ್ಚಿದರೂ ಮಿದುಳು ಆ ಕಣ್ಣಿನ ಮಾತು ಕೇಳುವುದಿಲ್ಲ ಎಂದು ಹ್ಯೂಬೆಲ್, ವೀಸೆಲ್ 1960ರ ದಶಕದಲ್ಲಿ ತೋರಿಸಿದ್ದರು. ಜಾಗ ಖಾಲಿ ಬಿಟ್ಟರೆ ಪಕ್ಕದವರು ಬೇಲಿ ಸರಿಸುತ್ತಾರೆ. 1996ರಲ್ಲಿ ನೊರಿಹಿರೊ ಸಾದಾತೊ ಮತ್ತು ಸಂಗಡಿಗರು ಬ್ರೈಲ್ ಓದುವ ಅಂಧರ ಮಿದುಳನ್ನು ಚಿತ್ರಿಸಿದಾಗ, ಬೆರಳು ಚುಕ್ಕಿಗಳ ಮೇಲೆ ಆಡಿದಂತೆ ನೋಟದ ಭಾಗವೇ ಎಚ್ಚೆತ್ತುಕೊಂಡಿತು. ಎಳವೆಯಿಂದಲೇ ಕಣ್ಣಿಲ್ಲದ ಒಬ್ಬ ಹೆಂಗಸು ಬ್ರೈಲ್ ಓದುವುದರಲ್ಲಿ ನಿಪುಣೆ; ಮಿದುಳಿನ ಹಿಂಭಾಗಕ್ಕೆ ಲಕ್ವ ಹೊಡೆದ ಮೇಲೆ ಬೆರಳಿನ ಸ್ಪರ್ಶವೆಲ್ಲ ಸರಿಯಿದ್ದೂ ಓದಲಾಗದೆ ಹೋಯಿತು. 2004ರ ಒಂದು ಅಧ್ಯಯನದಲ್ಲಿ, ಬಾಲ್ಯದಿಂದ ಅಂಧರಾದ 21 ಸಂಗೀತಗಾರರಲ್ಲಿ 12 ಮಂದಿ ಒಂದು ಸ್ವರವನ್ನು ಬೇರಾವ ಆಧಾರವೂ ಇಲ್ಲದೆ ಗುರುತಿಸಿದರು. ನಮ್ಮ ಸಂಗೀತದಲ್ಲಿ ಈ ಶಕ್ತಿಗೆ ಅಷ್ಟು ಬೆಲೆಯಿಲ್ಲ; ಇಲ್ಲಿ ಷಡ್ಜವೇ ಗಾಯಕನ ಕಂಠ ನೋಡಿಕೊಂಡು ಸರಿಯುತ್ತದೆ, ಲೆಕ್ಕಕ್ಕೆ ಬರುವುದು ಸ್ವರಸ್ವರದ ನಡುವಿನ ನಂಟು. ಅದೇ ವರ್ಷ ಕೆನಡಾದ ಇನ್ನೊಂದು ಅಧ್ಯಯನ ಹೇಳಿದ್ದು ಹೆಚ್ಚು ಉಪಯುಕ್ತ: ಸ್ವರ ಏರಿತೋ ಇಳಿಯಿತೋ ಎಂದು ಅತಿ ಸೂಕ್ಷ್ಮವಾಗಿ ಹೇಳುವುದರಲ್ಲಿ ಎಳವೆಯಲ್ಲೇ ದೃಷ್ಟಿ ಹೋದವರು ಮುಂದು, ದೊಡ್ಡವರಾದ ಮೇಲೆ ಹೋದವರು ಅಲ್ಲ.

ಇದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನೋಟದ ಭಾಗ ನಿಜಕ್ಕೂ ಕೇಳುವ ಭಾಗವಾಗಿ ಮಾರ್ಪಡುತ್ತದೆ ಎನ್ನುವವರು ಒಂದು ಕಡೆ. ಹಾಗೇನಿಲ್ಲ, ಅಲ್ಲಿ ಮೊದಲಿನಿಂದಲೂ ಇದ್ದ ಸಾಮರ್ಥ್ಯವೇ ಅಭ್ಯಾಸದಿಂದ ಬಲಿಯುತ್ತದೆ ಎಂದು 2023ರಲ್ಲಿ ತಾಮರ್ ಮಾಕಿನ್, ಜಾನ್ ಕ್ರಾಕವರ್ ವಾದಿಸಿದರು. ಕಣ್ಣು ಹೋದರೆ ದೇವರು ಕಿವಿ ಚುರುಕು ಮಾಡುತ್ತಾನೆ ಎಂಬ ನಮ್ಮ ಹಳ್ಳಿಯ ಸಮಾಧಾನದ ಮಾತಿಗೆ ಎರಡೂ ಪಕ್ಷದವರು ಒಪ್ಪುವುದಿಲ್ಲ. ಗುಡಿಯ ಕಟ್ಟೆಯ ಮೇಲೆ ಕೈಯೊಡ್ಡಿ ಕೂತವನ ಕಿವಿ ತಾನಾಗಿ ಗವಾಯಿಯ ಕಿವಿ ಆಗುತ್ತಿರಲಿಲ್ಲ. ಹಾನಗಲ್ಲಿನ ಸ್ವಾಮಿಗಳು ಇದನ್ನು ಯಾವ ಪ್ರಯೋಗಶಾಲೆಯೂ ಹೇಳುವ ಮೊದಲೇ ಊಹಿಸಿ ದುಡ್ಡು ಹಾಕಿದ್ದರು. ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಪಾಠಕ್ಕೆ ಕೂರಿಸಿದ್ದರು.

ಪುಟ್ಟರಾಜರ ಕಾಲದಲ್ಲಿ ಕೇಳುವವರ ಲೋಕವೇ ಬದಲಾಯಿತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಪಂಚಾಯ್ತಿ ಕಟ್ಟೆಯ ರೇಡಿಯೋದ ಮುಂದೆ ಕೂತವರಿಗೆಲ್ಲ ಹಾಡುವವನ ಮುಖ ಕಾಣದಾಯಿತು. ಆ ಡಬ್ಬಿಯ ಸಣ್ಣ ಸ್ಪೀಕರು ತಂಬೂರಿಯ ಖರಜವನ್ನು ಸರಿಯಾಗಿ ಹೊರಡಿಸಲಾರದು. ಮೇಲಿನ ಕಂಪನಗಳಷ್ಟನ್ನೇ ಕೊಟ್ಟರೂ ಕೇಳುಗನ ಮಿದುಳು ಕೆಳಗಿನದನ್ನು ತಾನೇ ಕೂಡಿಸಿಕೊಂಡು ಖರಜ ಕೇಳುತ್ತದೆ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಆದ ಭಾರತಿ ಬ್ರೈಲ್ ರೂಪುಗೊಂಡಿತು. ಮೂರು ವರ್ಷದವನಿದ್ದಾಗ ಅಪಘಾತಕ್ಕೆ ಸಿಕ್ಕು ಕಣ್ಣು ಕಳೆದುಕೊಂಡ ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಅಚ್ಚು ಹಾಕಿಸಿದ ಆರು ಚುಕ್ಕಿಗಳು ಕನ್ನಡದ ಕಾಗುಣಿತಕ್ಕೂ ಒಗ್ಗಿದವು. ಬ್ರೈಲ್ ಕೂಡ ಆರ್ಗನ್ ವಾದಕ, ತನ್ನ ಚುಕ್ಕಿಗಳಲ್ಲಿ ಸಂಗೀತಕ್ಕೂ ಲಿಪಿ ಮಾಡಿಟ್ಟಿದ್ದವನು. ಪುಟ್ಟರಾಜರು ಭಗವದ್ಗೀತೆಯನ್ನು ಬ್ರೈಲಿಗೆ ತಂದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು.

1968ರಲ್ಲಿ ಬಳ್ಳಾರಿ ಕಡೆಯ ಲಕ್ಷ್ಮೀಪುರದಿಂದ ಸೋದರಮಾವ ಬೆಳಗಲ್ಲು ವೀರಣ್ಣನವರು ಒಬ್ಬ ಹುಡುಗನನ್ನು ತಂದು ಆಶ್ರಮದಲ್ಲಿ ಬಿಟ್ಟರು. ಕಣ್ಣು ಚೆನ್ನಾಗಿದ್ದ ಆ ಹುಡುಗ ಎಂ. ವೆಂಕಟೇಶಕುಮಾರ್, ಹನ್ನೆರಡು ವರ್ಷದಷ್ಟು ಅಲ್ಲಿದ್ದ. ಗುರುವಿಗೆ ಶಿಷ್ಯನ ಮುಖ ಕಾಣದು. ಬಾಯಿ ಎಷ್ಟು ತೆರೆದಿದೆ, ಉಸಿರು ಎಲ್ಲಿ ತಪ್ಪಿತು, ಮನಸ್ಸು ಎತ್ತ ಓಡಿತು ಎಂಬುದೆಲ್ಲ ದನಿಯಲ್ಲೇ ಇರುತ್ತದೆ, ಅಲ್ಲಿಂದ ಮುಚ್ಚಿಡಲಾಗದು. 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಬದುಕು ಸಿನಿಮಾ ಆದಾಗ ಹಂಸಲೇಖರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಬಂತು. ತೆರೆಯ ಮೇಲೆ ನೋಡಲೆಂದು ಮಾಡಿದ್ದರಲ್ಲಿ ಗೆದ್ದದ್ದು ಕೇಳುವ ಭಾಗ.

2010ರಲ್ಲಿ ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಬಂತು. ಅದೇ ವರ್ಷದ ಸೆಪ್ಟೆಂಬರ್ 17ರಂದು, 96 ದಾಟಿದ ಮೇಲೆ, ಗದಗಿನಲ್ಲಿ ಅವರು ಲಿಂಗೈಕ್ಯರಾದರು. ಅವರ ನಂತರ ಕಲ್ಲಯ್ಯಜ್ಜನವರು ಆಶ್ರಮದ ಪೀಠಕ್ಕೆ ಬಂದರು. ಆದರೆ ಹಾವೇರಿ, ಗದಗ ಕಡೆಯವರನ್ನು ಕೇಳಿದರೆ ಅವರು ಮೊದಲು ನೆನೆಯುವುದು ಪದ್ಮಭೂಷಣವನ್ನಲ್ಲ, ಅಜ್ಜಾರ ತುಲಾಭಾರವನ್ನು. ಊರೂರಲ್ಲಿ ಭಕ್ತರು ಕಟ್ಟಿಸಿದ ದೊಡ್ಡ ತಕ್ಕಡಿ. ಒಂದು ತಟ್ಟೆಯಲ್ಲಿ ರುಮಾಲು ಸುತ್ತಿದ ವೃದ್ಧರು, ಇನ್ನೊಂದರಲ್ಲಿ ನಾಣ್ಯ. ಸುತ್ತ ನೆರೆದವರು ತಟ್ಟೆಗಳು ಸಮ ಆಗುವುದನ್ನು ಕಣ್ಣಿಟ್ಟು ನೋಡುತ್ತಿದ್ದರು. ತಟ್ಟೆಯಲ್ಲಿ ಕೂತವರಿಗೆ ಮಾತ್ರ ನಾಣ್ಯ ಸುರಿಯುವ ಸದ್ದು, ಕೆಳಗಿನ ನೆಲ ನಿಧಾನ ಬಿಟ್ಟುಹೋಗುವ ಅಲುಗು. ಆ ನಾಣ್ಯವೆಲ್ಲ ಚೀಲಕ್ಕೆ ತುಂಬಿ ಗದಗಿಗೆ ಹೋಗಿ, ಆಶ್ರಮದ ಮಕ್ಕಳ ಜೋಳದ ರೊಟ್ಟಿ ಆಗುತ್ತಿತ್ತು.